42 ಸಾವಿರ ಓಡಿದ್ದನ್ನು ಬಿಟ್ಟು 1.18 ಲಕ್ಷ ಓಡಿದ್ದನ್ನು ಕೊಂಡೆವು: ಒಂದು ಹಳೆ ಹೈಬ್ರಿಡ್ ಕಾರಿನ ಪ್ರಕರಣ

ಹಾಸನದಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಒಂದು ದೊಡ್ಡ, ಆರಾಮದ ಕಾರು ಬೇಕಿತ್ತು. ಹೊಸದಕ್ಕೆ ಮೂವತ್ತು, ನಲವತ್ತು ಲಕ್ಷ ಸುರಿಯುವ ಮನಸ್ಸಿರಲಿಲ್ಲ. ಹತ್ತು ಲಕ್ಷದೊಳಗೆ ಮುಗಿಯಬೇಕು, ಪೆಟ್ರೋಲ್ ಜಾಸ್ತಿ ಕುಡಿಯಬಾರದು, ಗೇರ್ ಹಾಕೋ ರಗಳೆ ಬೇಡ. ಹುಡುಕಿ ಹುಡುಕಿ ಅವರ ಕಣ್ಣು ನಿಂತಿದ್ದು 2015ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಮೇಲೆ. ಬೆಂಗಳೂರಲ್ಲಿ ಅದೇ ವರ್ಷದ ಎರಡು ಗಾಡಿ ಮಾರಾಟಕ್ಕಿದ್ದವು. ಒಂದು ಬಿಳಿ, 42 ಸಾವಿರ ಕಿಲೋಮೀಟರ್ ಓಡಿದ್ದು, ಕೇಳಿದ್ದು 9 ಲಕ್ಷ 75 ಸಾವಿರ. ಇನ್ನೊಂದು ಬೂದು ಬಣ್ಣದ್ದು, 1 ಲಕ್ಷ 18 ಸಾವಿರ ಓಡಿದ್ದು, ಕೇಳಿದ್ದು 8 ಲಕ್ಷ 40 ಸಾವಿರ. ಚಿಕ್ಕಪ್ಪ ಬಿಳಿಯದಕ್ಕೆ ಮನಸ್ಸು ಮಾಡಿ, ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ನನಗೆ ಫೋನ್ ಮಾಡಿದರು. ನಾನು ಗ್ಯಾರೇಜ್‌ನಲ್ಲಿ ಕಾರುಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಈಗೀಗ ಹೈಬ್ರಿಡ್ ಗಾಡಿಗಳೇ ಜಾಸ್ತಿ ಬರುತ್ತವೆ.

ಕೊನೆಗೆ ನಾವು ಕೊಂಡಿದ್ದು ಬೂದು ಬಣ್ಣದ್ದು. ಯಾಕೆ ಅಂತ ವಿವರವಾಗಿ ಬರೆಯುತ್ತಿದ್ದೇನೆ. ಮಾಮೂಲಿ ಪೆಟ್ರೋಲ್ ಕಾರು ನೋಡುವ ಕಣ್ಣಲ್ಲೇ ಹಳೆ ಹೈಬ್ರಿಡ್ ನೋಡಿದರೆ ಲಕ್ಷಾಂತರ ರೂಪಾಯಿ ಕೈ ಬಿಡುತ್ತದೆ.

ಕಾರು ನೋಡುವ ಮುಂಚೆ ಒಂದು ಪ್ರಶ್ನೆ ಬಗೆಹರಿಯಬೇಕಿತ್ತು. ಇವರ ಓಡಾಟಕ್ಕೆ ಹೈಬ್ರಿಡ್ ಬೇಕಾ? ಚಿಕ್ಕಪ್ಪ ತಿಂಗಳಲ್ಲಿ ನಾಲ್ಕೈದು ಸಲ ಬೆಂಗಳೂರಿಗೆ ಬರುತ್ತಾರೆ. ವಾರದ ಕೊನೆಗೆ ಸಕಲೇಶಪುರದ ತೋಟ, ಆಗಾಗ ಶಿರಾಡಿ ಇಳಿದು ಮಂಗಳೂರು. ಹೈಬ್ರಿಡ್‌ನ ನಿಜವಾದ ಲಾಭ ಇರುವುದು ಊರೊಳಗಿನ ಟ್ರಾಫಿಕ್‌ನಲ್ಲಿ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಸೇರುತ್ತೆ, ನಿಂತಾಗ ಇಂಜಿನ್ ಆಫ್ ಆಗಿರುತ್ತೆ. ಕುಣಿಗಲ್, ಚನ್ನರಾಯಪಟ್ಟಣದ ಕಡೆ ಒಂದೇ ವೇಗದಲ್ಲಿ ನೂರರ ಮೇಲೆ ಹೋಗುವಾಗ ಅಷ್ಟು ಉಳಿತಾಯ ಇಲ್ಲ. ಈ ಕ್ಯಾಮ್ರಿಗೆ ವಾಹನ ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಕೊಟ್ಟ ಮೈಲೇಜ್ ಲೀಟರಿಗೆ 19.16 ಕಿಲೋಮೀಟರ್. ಹತ್ತು ವರ್ಷದ ಗಾಡಿಯಲ್ಲಿ, ಎಸಿ ಹಾಕಿಕೊಂಡು ಓಡಿಸಿದರೆ ಅಷ್ಟು ಬರಲ್ಲ. ಆದರೂ ಎರಡೂವರೆ ಲೀಟರ್ ಇಂಜಿನ್ನಿನ, ಒಂದೂವರೆ ಟನ್ ದಾಟಿದ ಸೆಡಾನ್‌ಗೆ ಬರುವ ಮೈಲೇಜ್ ಚೆನ್ನಾಗಿಯೇ ಇರುತ್ತೆ. ಬೆಂಗಳೂರು ಹೊಕ್ಕ ಮೇಲೆ ನೆಲಮಂಗಲದಿಂದ ಒಳಗಿನ ಟ್ರಾಫಿಕ್ ಗೊತ್ತಲ್ವಾ, ಅಲ್ಲಿ ಇದು ತನ್ನ ಬೆಲೆ ತೋರಿಸುತ್ತೆ. ಹಾಗಾಗಿ ಸರಿ ಅಂದೆ.

ಈ ನಡುವೆ ಅವರ ಸ್ನೇಹಿತರೊಬ್ಬರು, "ಹೈಬ್ರಿಡ್ಡೇ ಬೇಕಾದ್ರೆ ಸಿಯಾಜ್ ತಗೊಳ್ಳಿ, ನಾಲ್ಕೈದು ಲಕ್ಷಕ್ಕೆ ಸಿಗುತ್ತೆ" ಅಂದಿದ್ದರಂತೆ. ಈ ಗೊಂದಲ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ತುಂಬಾ ಇದೆ. 2015ರಲ್ಲಿ ಬಂದ ಮಾರುತಿ ಸಿಯಾಜ್, ಎರ್ಟಿಗಾಗಳ ಎಸ್‌ಎಚ್‌ವಿಎಸ್ ಗಾಡಿಗಳು ಮೈಲ್ಡ್ ಹೈಬ್ರಿಡ್. ಇಂಜಿನ್‌ಗೆ ಸ್ವಲ್ಪ ಕೈ ಜೋಡಿಸುವ ಚಿಕ್ಕ ಮೋಟಾರ್ ಅದರಲ್ಲಿದೆ, ಅಷ್ಟೇ. ಬರೀ ಕರೆಂಟಲ್ಲಿ ಕಾರು ಒಂದು ಅಡಿಯೂ ಮುಂದೆ ಹೋಗಲ್ಲ. ಕ್ಯಾಮ್ರಿ, ಹೋಂಡಾ ಸಿಟಿ ಇ-ಎಚ್‌ಇವಿ, ಇನೋವಾ ಹೈಕ್ರಾಸ್ ಹೈಬ್ರಿಡ್ ಇವೆಲ್ಲ ಸ್ಟ್ರಾಂಗ್ ಹೈಬ್ರಿಡ್, ಸ್ವಲ್ಪ ದೂರ ಬರೀ ಕರೆಂಟಲ್ಲೇ ಓಡಬಲ್ಲವು. ಇಲ್ಲಿ ಬರೆಯುತ್ತಿರುವ ಪರೀಕ್ಷೆಗಳು ಸ್ಟ್ರಾಂಗ್ ಹೈಬ್ರಿಡ್‌ಗೆ ಮಾತ್ರ. ಹಿಂದೆ 'ಹೈಬ್ರಿಡ್' ಅಂತ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನಮ್ಮ ಬಿಡದಿಯಲ್ಲೇ 2013ರಿಂದ ಜೋಡಿಸುತ್ತಿದ್ದ ಕಾರು ಇದು. ಬ್ಯಾಟರಿ ಇರುವುದು ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಯ ಕಡೆ. ನಿಕಲ್ ಮೆಟಲ್ ಹೈಡ್ರೈಡ್ ಬಗೆಯದು. 7.2 ವೋಲ್ಟಿನ 34 ಮಾಡ್ಯೂಲ್‌ಗಳು ಸಾಲಾಗಿ ಸೇರಿ 244.8 ವೋಲ್ಟ್ ಆಗುತ್ತೆ. ಕಂಪ್ಯೂಟರ್ ಅವನ್ನು ಎರಡೆರಡಾಗಿ ಲೆಕ್ಕ ಹಿಡಿದು 17 ಬ್ಲಾಕ್ ಅಂತ ತೋರಿಸುತ್ತೆ. ಹದಿನೇಳು ಜನ ಸಾಲಾಗಿ ನಿಂತು ಇಟ್ಟಿಗೆ ದಾಟಿಸುವಾಗ ಒಬ್ಬ ಸುಸ್ತಾದರೂ ಇಡೀ ಸಾಲು ನಿಲ್ಲುತ್ತದಲ್ಲ, ಹಾಗೇ ಇದು. ಹದಿನಾರು ಬ್ಲಾಕ್ ಗಟ್ಟಿಮುಟ್ಟಾಗಿದ್ದು ಒಂದು ಕೈ ಕೊಟ್ಟರೂ ಪ್ಯಾಕ್ ಕೆಟ್ಟ ಹಾಗೇ.

ಇನ್ನು ಕೆಲವು ಸಾಮಾನು ಈ ಕಾರಿನಲ್ಲಿ ಇಲ್ಲವೇ ಇಲ್ಲ. ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಕ್ಲಚ್ ಇಲ್ಲ. ಎಸಿ ಕಂಪ್ರೆಸರ್ ಕೂಡ ಬೆಲ್ಟಿನಿಂದಲ್ಲ, ಕರೆಂಟಿನಿಂದ ತಿರುಗುತ್ತೆ. ಕೆಡುವ ಸಾಮಾನು ಅಷ್ಟು ಕಡಿಮೆ. ಹೈಬ್ರಿಡ್ ಅಂದರೆ ಬರೀ ಖರ್ಚು ಅಂತ ಹೆದರಿಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಬಿಳಿ ಕಾರಿನ ಕಡೆ ಬರೋಣ. ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ, "ಸರ್, ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ" ಅಂದಿದ್ದೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆಗುವುದನ್ನು ನೋಡಲೇಬೇಕು. ಇಂಜಿನ್ ತಣ್ಣಗಿಡುವ ಕೂಲಂಟ್ ದ್ರವ ಸಿಲಿಂಡರ್ ಒಳಗೆ ಸೋರುತ್ತಿದ್ದರೆ ಮೊದಲ ಕೆಲವು ಸೆಕೆಂಡ್ ಗಡಗಡ ನಡುಗುತ್ತೆ. ಬಿಸಿಯಾದ ಮೇಲೆ ನೋಡಿದರೆ ಅದು ಗೊತ್ತಾಗಲ್ಲ. ಹೋದಾಗ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಬೆಳಿಗ್ಗೆ ಪಾರ್ಕಿಂಗ್ ಬದಲಾಯಿಸಿದೆವು ಅಂದರು. ಇರಬಹುದು. ಆದರೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಬಣ್ಣ, ಸೀಟು, ಟೈರ್ ಎಲ್ಲಾ ಹೊಸದರ ಹಾಗಿತ್ತು. ಬಟನ್ ಒತ್ತಿದ ತಕ್ಷಣ ಗಾಡಿ ಹೊರಡಲು ಸಿದ್ಧ ಅನ್ನುವ 'ರೆಡಿ' ದೀಪ ಬಂತು. ಡ್ಯಾಶ್‌ಬೋರ್ಡಿನಲ್ಲಿ ಒಂದೂ ಎಚ್ಚರಿಕೆ ದೀಪ ಇಲ್ಲ. ಚಿಕ್ಕಪ್ಪ ನನ್ನ ಕಡೆ ತಿರುಗಿ, "ನೋಡೋ, ಮದುವೆ ಮನೆಗೆ ಹೊರಟಂಗಿದೆ" ಅಂದರು.

ನಾನು ಸ್ಕ್ಯಾನರ್ ಸಿಕ್ಕಿಸಿದೆ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಹಾಕುವ ಚಿಕ್ಕ ಬ್ಲೂಟೂತ್ ಸಾಧನ, ಮೊಬೈಲಿನಲ್ಲಿ ಹೈಬ್ರಿಡ್ ಬ್ಯಾಟರಿ ಓದುವ ಆ್ಯಪ್. ಟೊಯೋಟಾ ಗಾಡಿಗಳಿಗೆ 'ಡಾಕ್ಟರ್ ಪ್ರಿಯಸ್' ಅನ್ನುವ ಆ್ಯಪ್ ಇದೆ, ಕಂಪನಿಯದೇ 'ಟೆಕ್‌ಸ್ಟ್ರೀಮ್' ಸಾಫ್ಟ್‌ವೇರ್ ಕೂಡ ಇದೆ. ಮಾಮೂಲಿ ಸ್ಕ್ಯಾನರ್ ಆ್ಯಪ್‌ನಲ್ಲಿ ಬ್ಲಾಕ್ ವೋಲ್ಟೇಜ್ ಕಾಣಲ್ಲ, ಹೈಬ್ರಿಡ್‌ಗೆಂದೇ ಮಾಡಿದ್ದು ಬೇಕು. ಎಷ್ಟೋ ಜನ ಮೆಕ್ಯಾನಿಕ್‌ಗಳು ಸ್ಕ್ಯಾನ್ ಮಾಡಿ, "ಕೋಡ್ ಏನೂ ಇಲ್ಲ ಸಾರ್, ತಗೊಳ್ಳಿ" ಅಂದುಬಿಡುತ್ತಾರೆ. ಕೋಡ್ ಅಂದರೆ ತೊಂದರೆ ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಗುರುತು. ಅದು ಇಲ್ಲ ಅನ್ನುವುದು ಅರ್ಧ ಮಾತು. ಅಳಿಸಿ ಎಷ್ಟು ಹೊತ್ತಾಯಿತು ಅನ್ನುವುದು ಇನ್ನರ್ಧ.

ಅದನ್ನು ಕಂಪ್ಯೂಟರೇ ಹೇಳುತ್ತೆ. 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಅಂತ ಒಂದು ಅಂಕಿ ಇರುತ್ತೆ. ಬಿಳಿ ಕಾರಿನಲ್ಲಿ ಅದು 11 ಕಿಲೋಮೀಟರ್ ಅಂತ ತೋರಿಸಿತು. ಹತ್ತು ವರ್ಷದ ಗಾಡಿ, ನಾವು ನೋಡಲು ಬರುವ 11 ಕಿಲೋಮೀಟರ್ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳು ಕೂಡ ಇನ್ನೂ 'ಅಪೂರ್ಣ' ಅಂತಲೇ ಇದ್ದವು. 12 ವೋಲ್ಟಿನ ಚಿಕ್ಕ ಬ್ಯಾಟರಿ ಬಿಚ್ಚಿ ಹಾಕಿದರೂ ಹೀಗೆ ಆಗಬಹುದು, ಸರ್ವಿಸ್ ಮಾಡಿದಾಗಲೂ ಅಳಿಸಬಹುದು. ಹಾಗಾಗಿ ಇದೊಂದರಿಂದಲೇ ತೀರ್ಮಾನ ಮಾಡಬಾರದು. ಕೇಳಿದಾಗ ಅವರು, "ಅದೇನೋ ಗೊತ್ತಿಲ್ಲ ಸರ್, ಡ್ರೈವರ್ ನೋಡ್ಕೊಳ್ತಿದ್ದ" ಅಂದರು. ಓಡಿಸಿಯೇ ನೋಡೋಣ ಅಂತ ಹೊರಟೆವು.

ನಿಂತಿದ್ದಾಗ 17 ಬ್ಲಾಕ್‌ಗಳೂ 15.7ರಿಂದ 15.9 ವೋಲ್ಟ್ ಒಳಗೆ ಇದ್ದವು. ನೋಡಲು ಚಂದ. ಆದರೆ ಸುಮ್ನೆ ನಿಂತಿರುವ ಬ್ಯಾಟರಿ ಏನನ್ನೂ ಬಾಯಿ ಬಿಡಲ್ಲ. ಭಾರ ಹಾಕಬೇಕು. ಯಶವಂತಪುರದಿಂದ ಪೀಣ್ಯ ಫ್ಲೈಓವರ್ ಹತ್ತಿದೆವು. ಏರಿನಲ್ಲಿ ಚಿಕ್ಕಪ್ಪನಿಗೆ ಆಕ್ಸಲರೇಟರ್ ಜೋರಾಗಿ ಒತ್ತಲು ಹೇಳಿ, ನಾನು ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆ. ಓಡಿಸುವವರೇ ಅಂಕಿ ನೋಡಲು ಹೋಗಬಾರದು, ಇಬ್ಬರು ಬೇಕೇ ಬೇಕು. ಹೆಚ್ಚಿನ ಬ್ಲಾಕ್‌ಗಳು 14.5ರ ಹತ್ತಿರ ಇಳಿದವು. ಒಂಬತ್ತನೆಯದು ಮಾತ್ರ 12.9ಕ್ಕೆ ಕುಸಿಯಿತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಚಾರ್ಜ್ ಆಗುವಾಗ ಅದೇ ಒಂಬತ್ತನೆಯದು ಉಳಿದ ಎಲ್ಲಕ್ಕಿಂತ ಮೇಲೆ ಹಾರಿತು. ಕಡಿಮೆ ಹಿಡಿಯುವ ಬ್ಲಾಕ್ ಬೇಗ ಖಾಲಿಯಾಗುತ್ತೆ, ಬೇಗ ತುಂಬುತ್ತೆ. ಸತ್ವ ಕಳೆದುಕೊಂಡ ಬ್ಲಾಕಿನ ಗುರುತು ಇದು.

ಭಾರ ಬಿದ್ದಾಗ ಎಲ್ಲಾ ಬ್ಲಾಕ್‌ಗಳ ನಡುವೆ 0.3, 0.4 ವೋಲ್ಟ್ ವ್ಯತ್ಯಾಸ ಇದ್ದರೆ ಹತ್ತು ವರ್ಷದ ಪ್ಯಾಕ್‌ಗೆ ನಾನು ಬೇಜಾರು ಮಾಡಿಕೊಳ್ಳಲ್ಲ. ಒಂದು ವೋಲ್ಟ್ ದಾಟಿದರೆ ಆ ಗಾಡಿ ಬೇಡ, ಇಲ್ಲವೇ ಹೊಸ ಬ್ಯಾಟರಿಯ ದುಡ್ಡು ಕಳೆದು ಬೆಲೆ ಮಾತಾಡಬೇಕು. ಇಲ್ಲಿ ಒಂದೂವರೆ ದಾಟಿತ್ತು. ಚಾರ್ಜ್ ಮಟ್ಟವೂ ನೆಗೆದಾಡುತ್ತಿತ್ತು. ಆರೋಗ್ಯವಾಗಿರುವ ಪ್ಯಾಕ್‌ನಲ್ಲಿ ಅದು ನಿಧಾನವಾಗಿ ಏರಿ ಇಳಿಯುತ್ತೆ. ಕಂಪ್ಯೂಟರ್ ಸಾಮಾನ್ಯವಾಗಿ ಶೇಕಡಾ 60ರ ಆಸುಪಾಸು ಹಿಡಿದಿಡಲು ನೋಡುತ್ತೆ. ಇದರಲ್ಲಿ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ಸ್ವಲ್ಪ ಹೊತ್ತು ನಿಂತರೆ ಸಾಕು, ಬಾರ್‌ಗಳು ಸರಸರ ಇಳಿದು ಇಂಜಿನ್ ಮತ್ತೆ ಆನ್ ಆಗುತ್ತಿತ್ತು.

ಅಷ್ಟರಲ್ಲಿ ಹಿಂದಿನ ಸೀಟಿನ ಕಡೆಯಿಂದ ಹೇರ್ ಡ್ರೈಯರ್ ತರಹದ ಸದ್ದು ಶುರುವಾಯಿತು. ಬ್ಯಾಟರಿ ತಣ್ಣಗಿಡುವ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಸ್ಕ್ಯಾನರ್‌ನಲ್ಲಿ ಬ್ಯಾಟರಿ ತಾಪ 47 ಡಿಗ್ರಿ. ಹೊರಗೆ ಬಿಸಿಲು ಅಂಥಾದ್ದೇನೂ ಇರಲಿಲ್ಲ. ಹಿಂದೆ ಹೋಗಿ ಗಾಳಿ ಒಳಗೆಳೆಯುವ ಜಾಲರಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ನಾಯಿ ಕೂದಲು, ಕಂಬಳಿಯ ಎಳೆ, ಧೂಳು ಎಲ್ಲಾ ಸೇರಿ ದಪ್ಪ ಬಟ್ಟೆಯ ಹಾಗೆ ಕೂತಿತ್ತು. ಬೆರಳಿನಲ್ಲಿ ಎಳೆದರೆ ಸುರುಳಿಯಾಗಿ ಎದ್ದು ಬಂತು.

ಮನೆಯಲ್ಲಿ ದೊಡ್ಡ ನಾಯಿ ಇತ್ತಂತೆ. ಯಜಮಾನರು ಹೊರದೇಶದಲ್ಲಿ, ಗಾಡಿ ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತಿರುತ್ತಿತ್ತು, ತೆಗೆದಾಗ ಊರೊಳಗೆ ನಾಯಿ ಜೊತೆ ಒಂದು ಸುತ್ತು. 42 ಸಾವಿರದ ಕಥೆ ಇದು. ಈ ಬಗೆಯ ಬ್ಯಾಟರಿಯನ್ನು ಸವೆಸುವುದು ಕಿಲೋಮೀಟರ್‌ಗಿಂತ ಹೆಚ್ಚಾಗಿ ಶಾಖ ಮತ್ತು ಸುಮ್ಮನೆ ನಿಲ್ಲಿಸುವುದು. ನಿಂತಿದ್ದಾಗ ಪ್ರತಿ ಸೆಲ್ ತನ್ನಷ್ಟಕ್ಕೆ ಸ್ವಲ್ಪ ಸ್ವಲ್ಪ ಚಾರ್ಜ್ ಕಳೆದುಕೊಳ್ಳುತ್ತೆ, ಒಂದೊಂದು ಒಂದೊಂದು ಲೆಕ್ಕದಲ್ಲಿ. ಕ್ರಮೇಣ ಅವುಗಳ ನಡುವಿನ ಸಮತೋಲ ಹೋಗುತ್ತೆ. ಮೇಲಿಂದ ಗಾಳಿ ದಾರಿ ಕಟ್ಟಿದರೆ ನಡುವಿನ ಮಾಡ್ಯೂಲ್‌ಗಳು ಹೆಚ್ಚು ಬೇಯುತ್ತವೆ, ಅವಕ್ಕೆ ಎರಡೂ ಕಡೆ ಬಿಸಿ ನೆರೆಯವರಿದ್ದಾರಲ್ಲ. ಒಂಬತ್ತನೇ ಬ್ಲಾಕ್ ಸರಿಯಾಗಿ ನಡುವಿನದು.

ಮಾರುವವರು ಕೊನೆಗೆ, "ಒಂದೆರಡು ಸೆಲ್ ಬದಲಾಯಿಸಿಕೊಡ್ತೀವಿ, ಅದೇನು ದೊಡ್ಡ ವಿಷಯ ಅಲ್ಲ" ಅಂದರು. ನಾನು ಒಪ್ಪಲಿಲ್ಲ. ಕೆಟ್ಟ ಮಾಡ್ಯೂಲ್ ತೆಗೆದು ಇನ್ನಾವುದೋ ಹಳೆ ಪ್ಯಾಕ್‌ನಿಂದ ಕಿತ್ತ ಮಾಡ್ಯೂಲ್ ಹಾಕಿದರೆ ದೀಪ ಆರುತ್ತೆ, ಗಾಡಿ ಓಡುತ್ತೆ. ಆದರೆ ಉಳಿದವೂ ಅದೇ ಶಾಖದಲ್ಲಿ ಬೆಂದಿರುತ್ತವೆ. ಕೆಲವು ತಿಂಗಳಿಗೆ ಪಕ್ಕದ್ದು ಹೋಗುತ್ತೆ, ಆಮೇಲೆ ಇನ್ನೊಂದು. ಹೀಗೆ ಮಾಡಿಸಿದ ಗಾಡಿಗಳು ಗ್ಯಾರೇಜಿಗೆ ವಾಪಸ್ ಬರುವುದನ್ನು ನೋಡಿದ್ದೇನೆ. ಕೊಳ್ಳುವವರು ಇದನ್ನು 'ರಿಪೇರಿ' ಅಂತ ನಂಬಬಾರದು. ಪೂರ್ತಿ ಹೊಸ ಪ್ಯಾಕ್ ಅಂದರೆ ಲಕ್ಷಗಳ ಮಾತು. ಬೆಲೆ ಬಗ್ಗೆ ಬಾಯಿ ಮಾತು ಬೇಡ, ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ಕೊಟೇಶನ್ ತಗೊಳ್ಳಿ. ವಾರಂಟಿಯ ಆಸೆ 2015ರ ಗಾಡಿಗೆ ಇಲ್ಲ. ಕ್ಯಾಮ್ರಿ, ವೆಲ್‌ಫೈರ್‌ಗಳ ಬ್ಯಾಟರಿ ವಾರಂಟಿಯನ್ನು ಟೊಯೋಟಾ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿಗೆ ಏರಿಸಿದ್ದು 2021ರ ಆಗಸ್ಟಿನಿಂದ. ಅದಕ್ಕೂ ಮುಂಚೆ 3 ವರ್ಷ ಅಥವಾ 1 ಲಕ್ಷ ಇತ್ತು. ಈಗ ಹೈರೈಡರ್, ಹೈಕ್ರಾಸ್, ಸಿಟಿ ಹೈಬ್ರಿಡ್ ಇವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಎಷ್ಟು ವಾರಂಟಿ ಉಳಿದಿದೆ, ಅದು ಹೊಸ ಮಾಲೀಕರ ಹೆಸರಿಗೆ ಬರುತ್ತಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಚಿಕ್ಕಪ್ಪನಿಗೆ ಬೇಜಾರಾಯಿತು. "ಇಷ್ಟು ಚೆನ್ನಾಗಿರೋ ಗಾಡಿನ ಬೇಡ ಅಂತೀಯಲ್ಲೋ" ಅಂದರು. "ಚಿಕ್ಕಪ್ಪ, ಬಾಡಿ ಚೆನ್ನಾಗಿದೆ, ಬ್ಯಾಟರಿ ಇಲ್ಲ. ನೀವು ಕೊಡೋದು ಎರಡಕ್ಕೂ ಸೇರಿ" ಅಂದೆ.

ಬೂದು ಬಣ್ಣದ ಕಾರು ಬನಶಂಕರಿಯ ನಿವೃತ್ತ ಅಧಿಕಾರಿಯೊಬ್ಬರದು. ಅವರೇ ಓಡಿಸುತ್ತಿದ್ದರು. ಒಂದು ದಪ್ಪ ಫೈಲ್ ತಂದು ಮೇಜಿನ ಮೇಲಿಟ್ಟರು. ಪ್ರತಿ ಸರ್ವಿಸ್‌ನ ಬಿಲ್ಲು, ತಾರೀಖಿನ ಪ್ರಕಾರ. ನಾನು ಅದರಲ್ಲಿ ಹುಡುಕಿದ್ದು ಆಯಿಲ್ ಬದಲಾವಣೆಯನ್ನಲ್ಲ, ಅದನ್ನು ಎಲ್ಲರೂ ಮಾಡಿಸುತ್ತಾರೆ. ಬ್ಯಾಟರಿ ಫ್ಯಾನಿನ ಫಿಲ್ಟರ್ ಕ್ಲೀನ್ ಮಾಡಿಸಿದ್ದಾರಾ, ಬ್ಯಾಟರಿ ಕರೆಂಟನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರಿನ ಕೂಲಂಟ್ ಯಾವಾಗ ಬದಲಾಗಿದೆ, ಬ್ರೇಕ್ ಆಯಿಲ್ ಬದಲಾಗಿದೆಯಾ. ಮೊದಲ ಎರಡು ಇದ್ದವು. ಬ್ರೇಕ್ ಆಯಿಲ್ ನಾಲ್ಕು ವರ್ಷದಿಂದ ಮುಟ್ಟಿರಲಿಲ್ಲ. ಬಿಲ್ಲುಗಳಲ್ಲಿರುವ ಕಿಲೋಮೀಟರ್ ಸಾಲಾಗಿ ಏರುತ್ತಾ ಬಂದಿದ್ದರಿಂದ ಮೀಟರ್ ತಿರುಗಿಸಿಲ್ಲ ಅಂತಲೂ ಗೊತ್ತಾಯಿತು.

ಇಂಜಿನ್ ತಣ್ಣಗಿತ್ತು. ಸ್ಟಾರ್ಟ್ ಆದಾಗ ನಡುಕ ಇಲ್ಲ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಸಾವಿರಾರು ಕಿಲೋಮೀಟರ್. ಇವರ ಮನೆ ಹತ್ತಿರದ ಏರು ರಸ್ತೆಯಲ್ಲೇ ಅದೇ ಪರೀಕ್ಷೆ ಮಾಡಿದೆವು. ಭಾರ ಬಿದ್ದಾಗ ಅತಿ ಹೆಚ್ಚು ವ್ಯತ್ಯಾಸ 0.4. ಹನ್ನೊಂದನೇ ಬ್ಲಾಕ್ ಸ್ವಲ್ಪ ಹಿಂದೆ ಬೀಳುತ್ತಿತ್ತು, ಅದರ ಮೇಲೆ ಕಣ್ಣಿಡಬೇಕು ಅಂತ ಬರೆದುಕೊಂಡೆ. ಫ್ಯಾನ್ ನಿಧಾನಕ್ಕೆ, ಸದ್ದಿಲ್ಲದೆ ತಿರುಗುತ್ತಿತ್ತು.

ಬ್ರೇಕ್ ವಿಷಯದಲ್ಲಿ ಹೈಬ್ರಿಡ್ ಮೋಸ ಮಾಡುತ್ತೆ. ವೇಗ ಇಳಿಸುವ ಕೆಲಸ ಬಹುಪಾಲು ಮೋಟಾರೇ ಮಾಡುವುದರಿಂದ ಪ್ಯಾಡ್ ಸವೆಯುವುದಿಲ್ಲ. ಪ್ಯಾಡ್ ದಪ್ಪ ಇದೆ ಅಂತ ಖುಷಿಪಡುತ್ತೇವೆ, ಆದರೆ ಬಳಕೆ ಕಡಿಮೆಯಾಗಿ ಡಿಸ್ಕ್ ತುಕ್ಕು ಹಿಡಿಯುತ್ತೆ, ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗುತ್ತೆ. ಖಾಲಿ ಜಾಗದಲ್ಲಿ, ಕಡಿಮೆ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿದೆ. ನ್ಯೂಟ್ರಲ್‌ನಲ್ಲಿ ಮೋಟಾರ್ ಕೈ ಹಾಕಲ್ಲ, ಡಿಸ್ಕ್ ಒಂದೇ ಕೆಲಸ ಮಾಡಬೇಕು. ಆಗ ಹಿಂದಿನ ಎಡ ಚಕ್ರದಿಂದ ಕರಕರ ಸದ್ದು ಸ್ಪಷ್ಟವಾಗಿ ಬಂತು. ಡಿ ಗೇರಿನಲ್ಲಿ ಅದು ಕೇಳಿಸಿಯೇ ಇರಲಿಲ್ಲ. ಇನ್ನೊಂದು: ಬಾಗಿಲು ತೆಗೆದಾಗ ಬಾನೆಟ್ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಅನ್ನುವುದು ಬ್ರೇಕ್ ಪಂಪ್, ಹೆದರಬೇಡಿ. ಬ್ರೇಕ್ ಮುಟ್ಟದಿದ್ದರೂ ಅದು ಪದೇ ಪದೇ ಬರುತ್ತಿದ್ದರೆ ಒತ್ತಡ ನಿಲ್ಲುತ್ತಿಲ್ಲ ಅಂತ ಅರ್ಥ. ಆ ಭಾಗ ದುಬಾರಿ.

ಡಿಕ್ಕಿಯ 12 ವೋಲ್ಟ್ ಬ್ಯಾಟರಿ ಬಾಗಿಲು ತೆರೆದಿಟ್ಟಾಗ 11.8 ತೋರಿಸಿತು. ಸೋತಿದೆ ಅಂತ ಅರ್ಥ. ಜನ ಅತಿ ಹೆಚ್ಚು ಹೆದರುವುದು ಇಲ್ಲೇ. ಈ ಚಿಕ್ಕ ಬ್ಯಾಟರಿ ಕೆಲಸ ಇಂಜಿನ್ ತಿರುಗಿಸುವುದಲ್ಲ, ಕಂಪ್ಯೂಟರ್‌ಗಳನ್ನು ಎಬ್ಬಿಸುವುದು. ಅದು ಸೋತರೆ 'ರೆಡಿ' ಬರಲ್ಲ, ಏನೇನೋ ದೀಪ ಹತ್ತಿಕೊಳ್ಳುತ್ತವೆ, ಮಾಲೀಕರು ಹೈಬ್ರಿಡ್ ಬ್ಯಾಟರಿಯೇ ಹೋಯಿತು ಅಂತ ಗಾಬರಿಯಾಗುತ್ತಾರೆ. ಯಾರಾದರೂ ದೊಡ್ಡ ಬ್ಯಾಟರಿ ಹೋಗಿದೆ ಅಂದರೆ ಮೊದಲು ಈ 12 ವೋಲ್ಟಿನದು ನೋಡಿಸಿ. ಬದಲಾಯಿಸುವಾಗ ಆ್ಯಸಿಡ್ ತುಳುಕದ ಎಜಿಎಂ ಬಗೆಯದೇ, ಗಾಳಿ ಕೊಳವೆ ಇರುವುದೇ ಹಾಕಿಸಬೇಕು. ಬ್ಯಾಟರಿ ಕಾರಿನ ಒಳಭಾಗದಲ್ಲಿದೆ. ಆ್ಯಸಿಡ್ ನೀರಿನ ಮಾಮೂಲಿ ಬ್ಯಾಟರಿ ಕೂರಿಸಿದರೆ ಅದರ ಗ್ಯಾಸ್ ಡಿಕ್ಕಿಯೊಳಗೇ ತುಂಬುತ್ತೆ.

ನೆರೆಯಲ್ಲಿ ಮುಳುಗಿದ ಗಾಡಿಯಲ್ಲ ಅಂತಲೂ ಖಾತ್ರಿ ಮಾಡಿಕೊಂಡೆವು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಕಡೆ ಎಷ್ಟು ದುಬಾರಿ ಕಾರುಗಳು ನೀರಲ್ಲಿ ನಿಂತಿದ್ದವು ಅಂತ ಬೆಂಗಳೂರಿನವರಿಗೆ ನೆನಪಿದೆ. ಒಣಗಿಸಿ ಪಾಲಿಶ್ ಮಾಡಿದ ಮೇಲೆ ಕಣ್ಣಿಗೆ ಏನೂ ಕಾಣಲ್ಲ. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತೆ. ಸ್ಟೆಪ್ನಿ ಗುಂಡಿ, ಸೀಟಿನ ಹಳಿ ಕೆಳಗಿನ ತುಕ್ಕು ನೋಡಿ. ವಿಮೆ ಕ್ಲೇಮಿನ ಇತಿಹಾಸ ಕೇಳಿ. ಹೈಬ್ರಿಡ್‌ನಲ್ಲಿ ನೀರು ಬ್ಯಾಟರಿ ಪೆಟ್ಟಿಗೆ ಹೊಕ್ಕರೆ ತಾಮ್ರದ ಪಟ್ಟಿಗಳು ಹಸಿರುಗಟ್ಟಿ, ಇನ್ಸುಲೇಶನ್ ಸೋರಿ, ಯಾವತ್ತೋ ಒಂದು ದಿನ ಗಾಡಿ ದಾರಿ ಮಧ್ಯೆ ನಿಲ್ಲುತ್ತೆ. ಮುಳುಗಿದ ಹೈಬ್ರಿಡ್ ಅನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಬೆಲೆ ಮಾತು ಸಲೀಸಾಗಿ ಮುಗಿಯಿತು. ಬ್ರೇಕ್ ಸದ್ದು, 12 ವೋಲ್ಟ್ ಬ್ಯಾಟರಿ, ನೀರಿನ ಪಂಪಿನ ಬಳಿ ಕಂಡ ಒಣಗಿದ ಗುಲಾಬಿ ಕಲೆ, ಇಷ್ಟನ್ನು ತೋರಿಸಿದೆವು. ಆ ಗುಲಾಬಿ ಕೂಲಂಟ್‌ನ ಬಣ್ಣ, ಪಂಪ್ ತೊಟ್ಟಿಕ್ಕುತ್ತಿದೆ ಅಂತ ಅರ್ಥ. ಅವರೂ ಸಮಾಧಾನದ ಮನುಷ್ಯ. 7 ಲಕ್ಷ 90 ಸಾವಿರಕ್ಕೆ ಒಪ್ಪಿದರು. ಹತ್ತು ಲಕ್ಷದ ಲೆಕ್ಕದಲ್ಲಿ ಉಳಿದ ಎರಡು ಲಕ್ಷ ಚಿಲ್ಲರೆಯನ್ನು ಚಿಕ್ಕಪ್ಪ ಖರ್ಚು ಮಾಡದೆ ಬ್ಯಾಂಕಿನಲ್ಲಿ ಬಿಡಬೇಕು, ಮುಂದೆ ಬ್ಯಾಟರಿ ಬೇಕಾದರೆ ಅದೇ ದುಡ್ಡು ಅಂತ ಮೊದಲೇ ಮಾತಾಗಿತ್ತು. ವಾರಂಟಿ ಮುಗಿದ ಹೈಬ್ರಿಡ್ ಕೊಳ್ಳುವವರು ಹೀಗೊಂದು ಗಂಟು ಇಟ್ಟುಕೊಂಡೇ ಇಳಿಯಬೇಕು. ಅದು ಆಗಲ್ಲ ಅಂದರೆ ಚಿಕ್ಕ ಪೆಟ್ರೋಲ್ ಕಾರು ನೆಮ್ಮದಿ.

ಕಾಗದ ಪತ್ರದಲ್ಲಿ ವಿಶೇಷ ಏನಿಲ್ಲ. ಮಾಲೀಕರ ಹೆಸರು ಬದಲಿಸುವ 29, 30ನೇ ಫಾರ್ಮ್‌ಗೆ ಸಹಿ, ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿತು ಅನ್ನುವ 35ನೇ ಫಾರ್ಮ್, ಬಾಕಿ ಟ್ರಾಫಿಕ್ ದಂಡ, ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸುವುದು. ಒಂದು ಲೆಕ್ಕ ಮಾತ್ರ ಮರೆಯಬಾರದು. 2015ರಲ್ಲಿ ನೋಂದಣಿಯಾದ ಗಾಡಿಯ 15 ವರ್ಷ 2030ಕ್ಕೆ ಮುಗಿಯುತ್ತೆ. ಆಮೇಲೆ ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮುಂದೆ ಮಾರುವಾಗ ಬೆಲೆ ಬೀಳುವುದು ಇಲ್ಲೇ. ಚಿಕ್ಕಪ್ಪನಿಗೆ ಮಾರುವ ಉದ್ದೇಶ ಇಲ್ಲದ್ದರಿಂದ ಪರವಾಗಿಲ್ಲ ಅಂದುಕೊಂಡೆವು.

ಕೊಂಡ ಮೊದಲ ತಿಂಗಳಲ್ಲೇ ಕೆಲಸ ಮುಗಿಸಿದೆವು. ನೀರಿನ ಪಂಪ್, ಎರಡೂ ಕೂಲಂಟ್, ಎಜಿಎಂ ಬ್ಯಾಟರಿ, ಡಾಟ್ 3 ಬ್ರೇಕ್ ಆಯಿಲ್, ನಾಲ್ಕೂ ಕ್ಯಾಲಿಪರ್ ಬಿಚ್ಚಿ ಪಿನ್‌ಗಳಿಗೆ ಗ್ರೀಸ್. ಎರಡೂ ಕೂಲಂಟ್ ಅಂದೆ, ಗಮನಿಸಿ. ಇಂಜಿನ್‌ಗೊಂದು, ಇನ್ವರ್ಟರ್‌ಗೊಂದು, ಡಬ್ಬಿ ಬೇರೆ ಬೇರೆ. ಇನ್ವರ್ಟರಿನದನ್ನು ಮರೆಯುವ ಗ್ಯಾರೇಜ್‌ಗಳು ಬೇಕಾದಷ್ಟಿವೆ. ಗೇರ್‌ಬಾಕ್ಸ್ ಜಾಗದಲ್ಲಿರುವ ಟ್ರಾನ್ಸ್‌ಆ್ಯಕ್ಸಲ್‌ನ ಆಯಿಲ್ ಜೀವನಪೂರ್ತಿ ಬರುತ್ತೆ ಅನ್ನುವ ಮಾತನ್ನು ನಾನು ನಂಬಲ್ಲ. ಎರಡು ಮೋಟಾರ್‌ಗಳು ಆ ಎಣ್ಣೆಯಲ್ಲೇ ತಣ್ಣಗಾಗಬೇಕು. 1.18 ಲಕ್ಷದ ಗಾಡಿಯಿಂದ ಇಳಿಸಿದಾಗ ಎಣ್ಣೆ ಕಪ್ಪಾಗಿತ್ತು. ಟೊಯೋಟಾ ಹೇಳುವ ಎಟಿಎಫ್ ಡಬ್ಲ್ಯೂಎಸ್ ಎಣ್ಣೆಯನ್ನೇ ಹಾಕಿದೆವು. ಇಂಜಿನ್‌ಗೆ 0ಡಬ್ಲ್ಯೂ-20 ತೆಳು ಎಣ್ಣೆಯೇ ಸರಿ, ಹಳೆ ಗಾಡಿ ಅಂತ ದಪ್ಪ ಎಣ್ಣೆ ಹಾಕುವುದು ಬೇಡ. ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಇರುವ ಪೆಟ್ರೋಲ್ ಆದ್ದರಿಂದ ಇಂಧನದ ರಬ್ಬರ್ ಪೈಪ್‌ಗಳನ್ನು ಪ್ರತಿ ಸರ್ವಿಸ್‌ನಲ್ಲೂ ನೋಡಿಸಲು ಹೇಳಿದ್ದೇನೆ. ಎಲ್ಲಾ ಸೇರಿ ಅರವತ್ತು ಸಾವಿರದ ಹತ್ತಿರ ಬಂತು.

ಕಿತ್ತಳೆ ಬಣ್ಣದ ಕೇಬಲ್ ಇರುವ ಯಾವುದನ್ನೂ ಮನೆಯಲ್ಲಿ ಬಿಚ್ಚಬೇಡಿ. ಅದು ಜೀವ ತೆಗೆಯುವ ವೋಲ್ಟೇಜ್. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಕಾಯಬೇಕು, ಕೈಗೆ ಹೈ ವೋಲ್ಟೇಜ್ ಗ್ಲೌಸ್ ಬೇಕು. ತರಬೇತಿ ಇಲ್ಲದ ಮೆಕ್ಯಾನಿಕ್ ಕೈಗೆ ಈ ಕೆಲಸ ಕೊಡುವುದು ಅವನಿಗೇ ಮಾಡುವ ಅನ್ಯಾಯ. ಜಾಲರಿ ಫಿಲ್ಟರ್ ಕ್ಲೀನ್ ಮಾಡುವುದು ಮಾತ್ರ ಯಾರು ಬೇಕಾದರೂ ಮಾಡಬಹುದು.

ಇನ್ನು ಓಡಿಸುವ ರೂಢಿ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕುವುದು ಚಿಕ್ಕಪ್ಪನಿಗೆ ನಲವತ್ತು ವರ್ಷದ ಅಭ್ಯಾಸ. ಹೈಬ್ರಿಡ್‌ನಲ್ಲಿ ಅದು ಬೇಡವೇ ಬೇಡ. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗಲ್ಲ, ಎಸಿ ಮಾತ್ರ ಎಳೆಯುತ್ತಾ ಇರುತ್ತೆ. ಡಿ ಗೇರಿನಲ್ಲೇ ಬ್ರೇಕ್ ಒತ್ತಿ ನಿಲ್ಲಲಿ ಅಂದೆ. ಶಿರಾಡಿ ಇಳಿಯುವಾಗ ಬ್ಯಾಟರಿ ಬೇಗ ತುಂಬಿಬಿಡುತ್ತೆ. ತುಂಬಿದ ಮೇಲೆ ಮೋಟಾರ್ ಬ್ರೇಕ್ ಹಿಡಿಯಲ್ಲ, ಭಾರವೆಲ್ಲ ಡಿಸ್ಕ್ ಮೇಲೆ. ಆಗ 'ಬಿ' ಗೇರಿಗೆ ಹಾಕಿದರೆ ಇಂಜಿನ್ ಹಿಡಿದುಕೊಳ್ಳುತ್ತೆ. ಪೆಟ್ರೋಲ್ ಹಾಕದೆಯೇ ಇಂಜಿನ್ ಗುರ್ ಅನ್ನುತ್ತೆ, ಅದು ತೊಂದರೆಯಲ್ಲ. ಮೊದಲ ಸಲ ಆ ಸದ್ದಿಗೆ ಅವರು ಗುಂಡ್ಯದಲ್ಲಿ ಗಾಡಿ ನಿಲ್ಲಿಸಿ ನನಗೆ ಫೋನ್ ಮಾಡಿದ್ದರು.

ಬೇಸಿಗೆಯಲ್ಲಿ ಎಸಿ ಹಾಕಿಕೊಂಡೇ ಓಡಿಸಿ. ಕ್ಯಾಬಿನ್ ಗಾಳಿಯೇ ಬ್ಯಾಟರಿಯನ್ನು ತಣ್ಣಗಿಡುವುದು. ಜಾಲರಿ ಮುಂದೆ ಬ್ಯಾಗ್, ಶಾಲು ಇಡಬೇಡಿ. ವಾಟರ್ ಸರ್ವಿಸ್‌ನ ಹುಡುಗರು ಒಳಗೆ ನೀರು ಹೊಡೆಯದ ಹಾಗೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ತೋಟದ ಮನೆಯಲ್ಲಿ ಗಾಡಿ ನಿಂತರೆ ಇಲಿ ಕಾಟ. ಮಲೆನಾಡಿನವರಿಗೆ ಇದು ಗೊತ್ತಿರುವ ವಿಷಯವೇ. ಆದರೆ ಹೈಬ್ರಿಡ್‌ನಲ್ಲಿ ಒಂದು ವೈರ್ ಕಡಿದರೂ ಇಡೀ ಸಿಸ್ಟಂ ಸುರಕ್ಷತೆಗಾಗಿ ಬಂದ್ ಆಗಬಹುದು. ರಾತ್ರಿ ಬಾನೆಟ್ ತೆರೆದಿಟ್ಟು ಬೆಳಕು ಬಿಡುವುದು, ಗಾಡಿ ಹತ್ತಿರ ಅಕ್ಕಿ, ಕಾಳು ಇಡದಿರುವುದು, ಇಂಥವೇ ಉಪಾಯ. ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸಬೇಕಾದರೆ ಮಧ್ಯೆ ಒಂದು ಸಲ 'ರೆಡಿ' ಮಾಡಿ ಅರ್ಧ ಗಂಟೆ ಬಿಡಿ, ಸಾಧ್ಯವಾದರೆ ಒಂದು ಸುತ್ತು ಓಡಿಸಿ.

ಚಿಕ್ಕಪ್ಪನಿಗೂ ಈಗ ಸ್ಕ್ಯಾನರ್ ಕೊಡಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಸಕಲೇಶಪುರದ ಒಂದೇ ಏರಿನಲ್ಲಿ ಚಿಕ್ಕಮ್ಮ ಪಕ್ಕದಲ್ಲಿ ಕೂತು ಹದಿನೇಳು ಅಂಕಿಗಳ ಫೋಟೋ ತೆಗೆದು ಕಳಿಸುತ್ತಾರೆ. ಹನ್ನೊಂದನೇ ಬ್ಲಾಕ್ ಉಳಿದವಕ್ಕಿಂತ ಇನ್ನೂ 0.4ರಷ್ಟೇ ಹಿಂದಿದೆ. 0.8 ದಾಟಿದ ದಿನ ಹೊಸ ಪ್ಯಾಕ್‌ಗೆ ಕೊಟೇಶನ್ ತರಿಸುವುದು ಅಂತ ಮಾತಾಗಿದೆ.